ಚೆನ್ನೈನ ತ್ರಿಪ್ಲಿಕೇನ್‌ನಿಂದ ಕೂನೂರಿಗೆ ರಾತ್ರಿ ರೈಲು: ದಾರಿ, ಸಮಯ, ಟಿಕೆಟ್ ಮತ್ತು ಈ ಮಾರ್ಗದ ಮರೆತ ಕಥೆ

ಚೆನ್ನೈ: ಶುಕ್ರವಾರ ರಾತ್ರಿ 9ರ ಸುಮಾರಿಗೆ ಚೆನ್ನೈ ಸೆಂಟ್ರಲ್‌ನಲ್ಲಿ ರೈಲು ಹತ್ತಿದರೆ ಶನಿವಾರ ಮಧ್ಯಾಹ್ನದ ಊಟದ ಹೊತ್ತಿಗೆ ಮೊದಲೇ ಸಮುದ್ರಮಟ್ಟದಿಂದ 1,700 ಮೀಟರ್‌ಗೂ ಹೆಚ್ಚು ಎತ್ತರದ ಕೂನೂರಿನಲ್ಲಿ ಇಳಿಯಬಹುದು. ಭಾನುವಾರ ಸಂಜೆ ಬೆಟ್ಟ ಇಳಿದು ಮತ್ತದೇ ರಾತ್ರಿ ರೈಲು ಹಿಡಿದರೆ ಸೋಮವಾರ ಬೆಳಗ್ಗೆ ಆಫೀಸಿಗೂ ಹೋಗಬಹುದು. ಒಂದು ದಿನದ ರಜೆಯೂ ಖರ್ಚಾಗುವುದಿಲ್ಲ. ತ್ರಿಪ್ಲಿಕೇನ್‌ನ ಮ್ಯಾನ್ಷನ್‌ಗಳಲ್ಲಿ ಬಾಡಿಗೆ ಕೋಣೆ ಹಂಚಿಕೊಂಡು ಬದುಕುವ ಸಾವಿರಾರು ಉದ್ಯೋಗಿಗಳಿಗೆ, ಪರೀಕ್ಷೆಗೆ ಓದುವ ಹುಡುಗರಿಗೆ ಈ ಲೆಕ್ಕ ಬಹಳ ಮುಖ್ಯ.

ಆದರೆ ಇಡೀ ಲೆಕ್ಕ ನಿಂತಿರುವುದು ಮೆಟ್ಟುಪಾಳ್ಯಂನಲ್ಲಿ ರೈಲು ಬದಲಿಸಲು ಸಿಗುವ ಒಂದು ಗಂಟೆಗೂ ಕಡಿಮೆ ಸಮಯದ ಮೇಲೆ. ಅದು ತಪ್ಪಿದರೆ ಏನು, ಮಳೆಗಾಲದಲ್ಲಿ ಏನು, ಊಟಿಗೆ ಹೋಗದೆ ಕೂನೂರಿನಲ್ಲೇ ಏಕೆ ಇಳಿಯಬೇಕು? ವಿವರ ಇಲ್ಲಿದೆ.

ತ್ರಿಪ್ಲಿಕೇನ್‌ನಿಂದ ಸೆಂಟ್ರಲ್‌ಗೆ

ತ್ರಿಪ್ಲಿಕೇನ್‌ನ ಮೂಲ ಹೆಸರು ತಿರುವಲ್ಲಿಕೇಣಿ. ತಮಿಳಿನಲ್ಲಿ 'ಅಲ್ಲಿ' ಎಂದರೆ ನೈದಿಲೆ, 'ಕೇಣಿ' ಎಂದರೆ ಕೊಳ. ಪಾರ್ಥಸಾರಥಿ ದೇವಸ್ಥಾನದ ಕೊಳದಿಂದ ಬಂದ ಹೆಸರಿದು. ಇಂಗ್ಲಿಷರ ಬಾಯಲ್ಲಿ ಅದು ತ್ರಿಪ್ಲಿಕೇನ್ ಆಯಿತು. ದೇವಸ್ಥಾನ, ವಾಲಾಜಾ ಮಸೀದಿ, ಚೆಪಾಕ್ ಕ್ರಿಕೆಟ್ ಮೈದಾನ, ಮರೀನಾ ಕಡಲ ತೀರ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಇಲ್ಲಿಂದ ಸೆಂಟ್ರಲ್ ನಿಲ್ದಾಣಕ್ಕೆ ಸುಮಾರು 4 ಕಿ.ಮೀ. ಮಾತ್ರ.

ತಿರುವಲ್ಲಿಕೇಣಿ ಎಂಆರ್‌ಟಿಎಸ್ ನಿಲ್ದಾಣದಲ್ಲಿ ಬೀಚ್ ಕಡೆಗೆ ಹೋಗುವ ರೈಲು ಹತ್ತಿ, ಚೆಪಾಕ್ ಮತ್ತು ಚಿಂತಾದ್ರಿಪೇಟೆ ದಾಟಿ ಪಾರ್ಕ್ ಟೌನ್‌ನಲ್ಲಿ ಇಳಿದರೆ ಸೆಂಟ್ರಲ್ ಎದುರಿಗೇ ಇದೆ. ಶುಕ್ರವಾರ ಸಂಜೆಯ ಟ್ರಾಫಿಕ್ ನೋಡಿದವರು ಆಟೋಗಿಂತ ಇದನ್ನೇ ನಂಬುತ್ತಾರೆ. ರಾತ್ರಿಯ ಊಟವನ್ನು ತ್ರಿಪ್ಲಿಕೇನ್‌ನಲ್ಲೇ ಮುಗಿಸುವುದು ಒಳ್ಳೆಯದು. 1948ರಿಂದ ನಡೆಯುತ್ತಿರುವ ರತ್ನ ಕೆಫೆಯ ಇಡ್ಲಿ-ಸಾಂಬಾರ್‌ಗೆ ಈಗಲೂ ಜನ ಕಾಯುತ್ತಾರೆ. ಇಡ್ಲಿ ಮುಳುಗುವಷ್ಟು ಸಾಂಬಾರ್ ಸುರಿಯುವುದು ಅಲ್ಲಿನ ಪದ್ಧತಿ.

ಟಿಕೆಟ್‌ನಲ್ಲಿ ನಿಲ್ದಾಣದ ಹೆಸರು 'ಪುರಚ್ಚಿ ತಲೈವರ್ ಡಾ. ಎಂ.ಜಿ. ರಾಮಚಂದ್ರನ್ ಸೆಂಟ್ರಲ್' ಎಂದು ಇದ್ದರೆ ಗಾಬರಿ ಬೇಡ. 2019ರಿಂದ ಚೆನ್ನೈ ಸೆಂಟ್ರಲ್‌ನ ಅಧಿಕೃತ ಹೆಸರು ಅದೇ.

ನೀಲಗಿರಿ ಎಕ್ಸ್‌ಪ್ರೆಸ್

ರೈಲಿನ ಸಂಖ್ಯೆ 12671. ಹಳಬರು ಇದನ್ನು ಇನ್ನೂ 'ಬ್ಲೂ ಮೌಂಟೇನ್' ಎಂದೇ ಕರೆಯುತ್ತಾರೆ. ಅರಕ್ಕೋಣಂ, ಕಾಟ್ಪಾಡಿ, ಸೇಲಂ, ಈರೋಡ್, ತಿರುಪ್ಪೂರು ದಾಟಿ ಬೆಳಗಿನ ಜಾವ ಕೊಯಮತ್ತೂರು ತಲುಪುತ್ತದೆ. ಅಲ್ಲಿ ಎಂಜಿನ್ ಈ ತುದಿಯಿಂದ ಆ ತುದಿಗೆ ಬದಲಾಗುತ್ತದೆ. ಮೆಟ್ಟುಪಾಳ್ಯಂ ಹಳಿ ಕವಲೊಡೆಯುವುದು ಹಿಂದಿನ ಕೊಯಮತ್ತೂರು ನಾರ್ತ್ ನಿಲ್ದಾಣದಲ್ಲಿ. ಹಾಗಾಗಿ ರೈಲು ಬಂದ ದಾರಿಯಲ್ಲೇ ಸ್ವಲ್ಪ ದೂರ ವಾಪಸ್ ಹೋಗಬೇಕು. ನಿದ್ದೆಗಣ್ಣಲ್ಲಿ ಎದ್ದವರಿಗೆ ರೈಲು ಚೆನ್ನೈಗೇ ಹಿಂತಿರುಗುತ್ತಿದೆ ಎನಿಸಿದರೆ ಆಶ್ಚರ್ಯವಿಲ್ಲ.

ಕೊಯಮತ್ತೂರಿನಲ್ಲಿ ಅರ್ಧ ರೈಲು ಖಾಲಿಯಾಗುತ್ತದೆ. ಅಲ್ಲಿಂದ ಮೆಟ್ಟುಪಾಳ್ಯಂಗೆ ಸುಮಾರು 36 ಕಿ.ಮೀ. ಬೆಳಗ್ಗೆ 6 ಗಂಟೆ ದಾಟುವ ಹೊತ್ತಿಗೆ ಎದುರಿಗೆ ಗೋಡೆಯಂತೆ ನೀಲಗಿರಿ ಕಾಣಿಸುತ್ತದೆ. ಬ್ರಾಡ್‌ಗೇಜ್ ಹಳಿ ಮುಗಿಯುವುದು ಇಲ್ಲೇ. ಮದ್ರಾಸಿನ ಕಡೆಯಿಂದ ರೈಲು ಹಳಿ ಮೆಟ್ಟುಪಾಳ್ಯಂ ತಲುಪಿದ್ದು 1873ರಲ್ಲಿ. ಅಲ್ಲಿಂದ ಬೆಟ್ಟ ಹತ್ತಿಸಲು ಇನ್ನೂ 26 ವರ್ಷ ಬೇಕಾಯಿತು.

ಬೆಳಗಿನ 7.10ರ ಪ್ರಶ್ನೆ

ಬೆಟ್ಟದ ರೈಲು (ಸಂಖ್ಯೆ 56136) ಮೆಟ್ಟುಪಾಳ್ಯಂ ಬಿಡುವುದು ಬೆಳಗ್ಗೆ 7.10ಕ್ಕೆ. ಮೆಟ್ಟುಪಾಳ್ಯಂನಿಂದ ಮೇಲೆ ಹೋಗಲು ದಿನನಿತ್ಯದ ರೈಲು ಇದೊಂದೇ. ಎರಡೂ ರೈಲು ಒಂದೇ ನಿಲ್ದಾಣದಲ್ಲಿ ನಿಲ್ಲುವುದರಿಂದ ಬದಲಿಸಲು ಕಷ್ಟವಿಲ್ಲ. ಆದರೆ ರಾತ್ರಿ ರೈಲು ತಡವಾದರೆ ಕಷ್ಟ. ಇದು ಚೆನ್ನೈ ಪ್ರಯಾಣಿಕರಿಗೆಂದೇ ಹೊಂದಿಸಿದ ಸಮಯವಾದರೂ, ಬೆಟ್ಟದ ರೈಲು ಕಾದೇ ಕಾಯುತ್ತದೆ ಎಂದು ನೆಚ್ಚಿಕೊಂಡು ಹೊರಡುವಂತಿಲ್ಲ.

ದೊಡ್ಡ ಸಮಸ್ಯೆ ಸೀಟಿನದು. ಕೆಲವೇ ಪುಟ್ಟ ಬೋಗಿಗಳ ರೈಲಿದು. ರಜೆ, ವಾರಾಂತ್ಯಗಳಲ್ಲಿ ಬುಕಿಂಗ್ ತೆರೆದ ಕೂಡಲೇ ಭರ್ತಿಯಾಗುತ್ತದೆ. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ಅಂದರೆ ಎರಡು ತಿಂಗಳ ಮೊದಲು ದಿನಾಂಕ ಲೆಕ್ಕ ಹಾಕಿ ಬೆಳಗ್ಗೆಯೇ ಐಆರ್‌ಸಿಟಿಸಿಯಲ್ಲಿ ಕೂರಬೇಕು. ಮೊದಲು ಬೆಟ್ಟದ ರೈಲಿನ ಸೀಟು ಖಚಿತಪಡಿಸಿಕೊಂಡು ಆಮೇಲೆ ನೀಲಗಿರಿ ಎಕ್ಸ್‌ಪ್ರೆಸ್ ಟಿಕೆಟ್ ತೆಗೆಯುವುದು ಜಾಣತನ. ಹೆಚ್ಚಿನವರು ಇದನ್ನು ಉಲ್ಟಾ ಮಾಡಿ ಬೆಳಗ್ಗೆ ಪ್ಲಾಟ್‌ಫಾರ್ಮ್‌ನಲ್ಲಿ ಬೋಗಿಯ ಫೋಟೋ ತೆಗೆದುಕೊಂಡು ಬಸ್ ಹತ್ತುತ್ತಾರೆ. ಮೆಟ್ಟುಪಾಳ್ಯಂ ಕೋಡ್ ಎಂಟಿಪಿ, ಕೂನೂರಿನದು ಒಎನ್‌ಆರ್, ಊಟಿಯದು ಯುಎಎಂ. ಐಆರ್‌ಸಿಟಿಸಿಯಲ್ಲಿ ಊಟಿಯನ್ನು 'ಉದಗಮಂಡಲಂ' ಎಂದು ಹುಡುಕಬೇಕು.

ಸೀಟು ಸಿಗದಿದ್ದರೆ ದಾರಿ ಮುಚ್ಚಿದಂತೇನಲ್ಲ. ಮೆಟ್ಟುಪಾಳ್ಯಂ ಬಸ್ ನಿಲ್ದಾಣದಿಂದ ಬರ್ಲಿಯಾರ್ ಮಾರ್ಗವಾಗಿ ಕೂನೂರಿಗೆ ಸರ್ಕಾರಿ ಬಸ್‌ಗಳಿವೆ. ನಿಜ ಹೇಳಬೇಕೆಂದರೆ ಬಸ್ಸು ರೈಲಿಗಿಂತ ಬೇಗ ತಲುಪಿಸುತ್ತದೆ. ಕೂನೂರಿನಿಂದ ಊಟಿಗೆ ದಿನಕ್ಕೆ ಹಲವು ಪುಟ್ಟ ರೈಲುಗಳು ಇರುವುದರಿಂದ, ಬೆಟ್ಟದ ರೈಲಿನ ಆಸೆಯನ್ನು ಅಲ್ಲಿ ತೀರಿಸಿಕೊಳ್ಳಬಹುದು. ಆದರೆ ಆ ಭಾಗದಲ್ಲಿ ಡೀಸೆಲ್ ಎಂಜಿನ್, ಹಲ್ಲಿನ ಹಳಿಯೂ ಇಲ್ಲ.

ಹಲ್ಲು ಕಚ್ಚಿ ಬೆಟ್ಟ ಹತ್ತುವ ಎಂಜಿನ್

ಮೆಟ್ಟುಪಾಳ್ಯಂನಿಂದ ಊಟಿಗೆ ಹಳಿಯ ಉದ್ದ 46 ಕಿ.ಮೀ. ಇಷ್ಟರಲ್ಲಿ ರೈಲು 326 ಮೀಟರ್ ಎತ್ತರದಿಂದ 2,203 ಮೀಟರ್‌ಗೆ ಏರುತ್ತದೆ. ದಾರಿಯಲ್ಲಿ 208 ತಿರುವು, 16 ಸುರಂಗ, 250 ಸೇತುವೆ. ಕಲ್ಲಾರ್ ದಾಟಿದ ಮೇಲೆ ಏರು ಎಷ್ಟೆಂದರೆ, ಕೆಲವೆಡೆ ಪ್ರತಿ 12 ಮೀಟರ್ ಮುಂದಕ್ಕೆ ಹೋದರೆ 1 ಮೀಟರ್ ಮೇಲೇರಬೇಕು. ಸಾಮಾನ್ಯ ಕಬ್ಬಿಣದ ಚಕ್ರ ಕಬ್ಬಿಣದ ಹಳಿಯ ಮೇಲೆ ಈ ಏರಿಗೆ ಜಾರುತ್ತದೆ.

ಇದಕ್ಕೆ ಪರಿಹಾರ ಬಂದದ್ದು ಸ್ವಿಟ್ಜರ್ಲೆಂಡ್‌ನಿಂದ. ಎರಡು ಹಳಿಗಳ ನಡುವೆ ಗರಗಸದಂತೆ ಹಲ್ಲುಗಳಿರುವ ಎರಡು ಉಕ್ಕಿನ ಪಟ್ಟಿಗಳನ್ನು ಜೋಡಿಸಲಾಗಿದೆ. ಎಂಜಿನ್ ಅಡಿಯ ಹಲ್ಲುಚಕ್ರ ಈ ಪಟ್ಟಿಗಳನ್ನು ಕಚ್ಚಿಕೊಂಡು ಮೇಲೇರುತ್ತದೆ. ಎರಡು ಪಟ್ಟಿಗಳ ಹಲ್ಲುಗಳು ಒಂದರ ಪಕ್ಕ ಒಂದು ಸರಿಯಾಗಿ ಕೂರದೆ ಸ್ವಲ್ಪ ಹಿಂದೆ-ಮುಂದೆ ಇರುತ್ತವೆ. ಹಾಗಾಗಿ ಒಂದು ಹಲ್ಲು ಬಿಡುವಾಗ ಇನ್ನೊಂದು ಹಿಡಿದೇ ಇರುತ್ತದೆ. ಸ್ವಿಸ್ ಎಂಜಿನಿಯರ್ ರೋಮನ್ ಆಪ್ಟ್ ರೂಪಿಸಿದ ಈ ವ್ಯವಸ್ಥೆ ಭಾರತದಲ್ಲಿ ಈಗ ಇರುವುದು ಇಲ್ಲಿ ಮಾತ್ರ. ಡಾರ್ಜಿಲಿಂಗ್ ಮತ್ತು ಶಿಮ್ಲಾ ರೈಲುಗಳು ಸುತ್ತಿ ಬಳಸಿ ಏರುತ್ತವೆ, ನೀಲಗಿರಿ ರೈಲು ಹಲ್ಲೂರಿ ಏರುತ್ತದೆ.

ಕಲ್ಲಾರ್‌ನಿಂದ ಕೂನೂರಿನವರೆಗೆ ಎಂಜಿನ್ ಮುಂದೆ ಇರುವುದಿಲ್ಲ, ಹಿಂದಿನಿಂದ ರೈಲನ್ನು ತಳ್ಳುತ್ತದೆ. ಪ್ರತಿ ಬೋಗಿಗೂ ಒಬ್ಬ ಬ್ರೇಕ್ಸ್‌ಮನ್ ಇರುತ್ತಾರೆ. ಎಂಜಿನ್‌ನ ಸೀಟಿ ಕೇಳಿ ತಮ್ಮ ಬೋಗಿಯ ಬ್ರೇಕ್ ಹಾಕುವುದು, ಬಿಡುವುದು ಅವರ ಕೆಲಸ. ಹಲ್ಲಿನ ಹಳಿಯ ಮೇಲೆ ವೇಗ ಗಂಟೆಗೆ 13 ಕಿ.ಮೀ. ಮೀರುವಂತಿಲ್ಲ. ಓಡುವ ಮನುಷ್ಯ ಸ್ವಲ್ಪ ದೂರ ರೈಲಿನ ಜೊತೆಗೇ ಹೋಗಬಹುದು. ಸುಮಾರು 28 ಕಿ.ಮೀ. ದೂರದ ಕೂನೂರಿಗೆ ಮೂರು ಗಂಟೆಗೂ ಹೆಚ್ಚು ಹಿಡಿಯುವುದು ಇದಕ್ಕೇ.

ಇಲ್ಲಿನ ಪ್ರಸಿದ್ಧ 'ಎಕ್ಸ್' ದರ್ಜೆಯ ಉಗಿ ಎಂಜಿನ್‌ಗಳು ಸ್ವಿಟ್ಜರ್ಲೆಂಡ್‌ನ ವಿಂಟರ್‌ಥೂರ್ ನಗರದಲ್ಲಿ ತಯಾರಾದವು. ಅದೇ ಮಾದರಿಯ ಹೊಸ ಎಂಜಿನ್‌ಗಳನ್ನು ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರ ಕಟ್ಟಿದೆ. ಹಿಲ್‌ಗ್ರೋವ್‌ನಂತಹ ಪುಟ್ಟ ನಿಲ್ದಾಣಗಳಲ್ಲಿ ಎಂಜಿನ್ ನೀರು ಕುಡಿಯಲು ನಿಲ್ಲುತ್ತದೆ. ಆಗ ಪ್ರಯಾಣಿಕರು ಇಳಿದು ಚಹಾ ಕುಡಿಯುತ್ತಾರೆ, ಮಂಗಗಳು ಬೋಗಿಯೊಳಗೆ ತಿಂಡಿ ಹುಡುಕುತ್ತವೆ. ಕಿಟಕಿ ಮುಚ್ಚಿ ಇಳಿಯುವುದು ಕ್ಷೇಮ.

2005ರಲ್ಲಿ ಯುನೆಸ್ಕೊ ಈ ಮಾರ್ಗವನ್ನು ಡಾರ್ಜಿಲಿಂಗ್ ರೈಲಿನ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಕಾ-ಶಿಮ್ಲಾ ಸೇರಿದ್ದು 2008ರಲ್ಲಿ. 'ದಿಲ್ ಸೇ' ಚಿತ್ರದ 'ಛೈಯ್ಯಾ ಛೈಯ್ಯಾ' ಹಾಡಿನಲ್ಲಿ ಶಾರುಖ್ ಖಾನ್ ಕುಣಿದದ್ದು ಇದೇ ರೈಲಿನ ಮೇಲೆ ಎಂದರೆ ಹೆಚ್ಚಿನವರಿಗೆ ಬೇಗ ನೆನಪಾಗುತ್ತದೆ.

ಜೀವ ಉಳಿಸಿಕೊಳ್ಳಲು ಹೋಗುತ್ತಿದ್ದ ದಾರಿ

ಈ ಮಾರ್ಗದ ಬಗ್ಗೆ ಪ್ರವಾಸಿ ಪುಸ್ತಕಗಳು ಹೇಳುವುದು ಬ್ರಿಟಿಷರ ಬೇಸಿಗೆಯ ಕಥೆ. ಅದು ನಿಜವೂ ಹೌದು. ಬೇಸಿಗೆ ಬಂದರೆ ಗವರ್ನರ್ ಮತ್ತು ಮದ್ರಾಸ್ ಸರ್ಕಾರ ಫೈಲುಗಳ ಸಮೇತ ಊಟಿಗೆ ಸ್ಥಳಾಂತರವಾಗುತ್ತಿತ್ತು. ತ್ರಿಪ್ಲಿಕೇನ್‌ಗೆ ತಾಗಿಕೊಂಡೇ ಇರುವ ಚೆಪಾಕ್ ಅರಮನೆ ಆಗ ಸರ್ಕಾರಿ ಕಚೇರಿಗಳ ತಾಣ. ದೊರೆಗಳು ತಂಪಿಗೆ ಹೋದರೆ ಉಳಿದವರಿಗೆ ಮದ್ರಾಸಿನ ಸೆಕೆಯೇ ಗತಿ.

ಆದರೆ ಸಾಮಾನ್ಯ ಜನರೂ ಕೂನೂರಿಗೆ ರೈಲಿನಲ್ಲಿ ಬರಲು ಇನ್ನೊಂದು ಕಾರಣವಿತ್ತು. ಅದು ಹುಚ್ಚುನಾಯಿ ಕಡಿತ.

20ನೇ ಶತಮಾನದ ಆರಂಭದಲ್ಲಿ ರೇಬೀಸ್‌ಗೆ ಚಿಕಿತ್ಸೆ ಕೊಡುವ ಸಂಸ್ಥೆ ಭಾರತದಲ್ಲಿ ಇದ್ದದ್ದು ಶಿಮ್ಲಾ ಬಳಿಯ ಕಸೌಲಿಯಲ್ಲಿ. ಅದು ಆರಂಭವಾಗಿದ್ದು 1900ರಲ್ಲಿ. ಮದ್ರಾಸಿನಲ್ಲಿ ನಾಯಿ ಕಚ್ಚಿದವರು ಅಲ್ಲಿಗೆ ತಲುಪಲು ದಿನಗಟ್ಟಲೆ ರೈಲಿನಲ್ಲಿ ಹೋಗಬೇಕಿತ್ತು. ರೇಬೀಸ್‌ನಲ್ಲಿ ಸಮಯವೇ ಎಲ್ಲ. ಲಕ್ಷಣ ಕಾಣಿಸಿಕೊಳ್ಳುವ ಮೊದಲು ಲಸಿಕೆ ಬಿದ್ದರೆ ಬದುಕು, ಆಮೇಲೆ ಬಿದ್ದರೆ ಪ್ರಯೋಜನವಿಲ್ಲ. 1902ರಲ್ಲಿ ಲಿಲಿ ಪೇಕನ್‌ಹ್ಯಾಮ್ ವಾಲ್ಶ್ ಎಂಬ ಇಂಗ್ಲಿಷ್ ಮಹಿಳೆ ದಕ್ಷಿಣದಲ್ಲಿ ಚಿಕಿತ್ಸೆಯಿಲ್ಲದೆ ರೇಬೀಸ್‌ನಿಂದ ಸತ್ತರು. ಆ ಸಾವು ದಕ್ಷಿಣಕ್ಕೂ ಒಂದು ಸಂಸ್ಥೆ ಬೇಕೆಂಬ ಒತ್ತಾಯಕ್ಕೆ ಕಾರಣವಾಯಿತು. ಅಮೆರಿಕದ ಉದ್ಯಮಿ ಹೆನ್ರಿ ಫಿಪ್ಸ್ ವೈಸ್‌ರಾಯ್ ಕರ್ಜನ್‌ಗೆ ಕೊಟ್ಟ ದೇಣಿಗೆಯ ಒಂದು ಭಾಗ ಇದಕ್ಕೆ ಬಂತು. ಬಿಹಾರದ ಪೂಸಾ ಕೃಷಿ ಸಂಶೋಧನಾ ಸಂಸ್ಥೆ ಎದ್ದದ್ದೂ ಅದೇ ಹಣದಿಂದ.

1907ರಲ್ಲಿ ಕೂನೂರಿನಲ್ಲಿ 'ಪಾಶ್ಚರ್ ಇನ್‌ಸ್ಟಿಟ್ಯೂಟ್ ಆಫ್ ಸದರ್ನ್ ಇಂಡಿಯಾ' ಬಾಗಿಲು ತೆರೆಯಿತು. ಆಗ ಬೆಟ್ಟದ ರೈಲಿನ ಕೊನೆಯ ನಿಲ್ದಾಣವೂ ಕೂನೂರೇ ಆಗಿತ್ತು. ಮೆಟ್ಟುಪಾಳ್ಯಂ-ಕೂನೂರು ಹಳಿ 1899ರ ಜೂನ್‌ನಲ್ಲಿ ತೆರೆದಿತ್ತು, ಊಟಿವರೆಗೆ ವಿಸ್ತರಣೆಯಾದದ್ದು 1908ರಲ್ಲಿ. ಹಾಗಾಗಿ ಮದ್ರಾಸಿನಲ್ಲಿ ನಾಯಿ ಕಚ್ಚಿದ ವ್ಯಕ್ತಿಗೆ ಚಿಕಿತ್ಸೆ ಈಗ ಉತ್ತರ ಭಾರತದಲ್ಲಲ್ಲ, ಒಂದು ರಾತ್ರಿಯ ಪ್ರಯಾಣದ ಆಚೆ ಇತ್ತು. ಗಾಯಕ್ಕೆ ಬಟ್ಟೆ ಕಟ್ಟಿಕೊಂಡು ಬಂದವರು ಅಲ್ಲೇ ಉಳಿದು ಹೊಟ್ಟೆಗೆ ದಿನವೂ ಚುಚ್ಚುಮದ್ದು ಹಾಕಿಸಿಕೊಳ್ಳಬೇಕಿತ್ತು. ಮುಂದೆ ಲಸಿಕೆಯನ್ನೇ ಬೇರೆ ಊರಿನ ಆಸ್ಪತ್ರೆಗಳಿಗೆ ಕಳಿಸುವ ವ್ಯವಸ್ಥೆ ಬಂದು ಈ ಪ್ರಯಾಣ ನಿಂತಿತು.

ಸಂಸ್ಥೆ ಈಗಲೂ ಇದೆ. ಕೆಂಪು ಕಟ್ಟಡ ಸಿಮ್ಸ್ ಪಾರ್ಕ್ ಎದುರಿಗೆ ಸಿಗುತ್ತದೆ. ಆಹಾರ ತಜ್ಞ ರಾಬರ್ಟ್ ಮೆಕ್‌ಕ್ಯಾರಿಸನ್ ಇಲ್ಲಿ 1918ರಲ್ಲಿ ಆರಂಭಿಸಿದ ಬೆರಿಬೆರಿ ರೋಗದ ಅಧ್ಯಯನವೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರವಾಯಿತು. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮೂಲ ಅದು. ಪಾರ್ಕ್‌ಗೆ ಬರುವ ನೂರು ಜನರಲ್ಲಿ ತೊಂಬತ್ತು ಮಂದಿ ಈ ಕಟ್ಟಡದ ಕಡೆ ತಿರುಗಿಯೂ ನೋಡುವುದಿಲ್ಲ.

ಇಂದು ನಾಯಿ ಕಚ್ಚಿದರೆ ಬೆಟ್ಟ ಹತ್ತಬೇಕಿಲ್ಲ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು.

ಊಟಿ ಬಿಟ್ಟು ಕೂನೂರೇ ಏಕೆ?

ಕಾರಣ ಸರಳ, ಗದ್ದಲ ಕಡಿಮೆ. ಊಟಿಯ ಕೆರೆ, ಬಟಾನಿಕಲ್ ಗಾರ್ಡನ್‌ಗಳಲ್ಲಿ ಮೇ ತಿಂಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೂನೂರಿನಲ್ಲೂ ಕೆಳಗಿನ ಬಜಾರು, ಬಸ್ ನಿಲ್ದಾಣದ ಸುತ್ತ ಜಂಗುಳಿ ಇದ್ದೇ ಇದೆ. ಆದರೆ ಮೇಲಿನ ಕೂನೂರಿಗೆ ಹತ್ತು ನಿಮಿಷ ಏರಿದರೆ ಚಹಾ ತೋಟ, ಹಳೆಯ ಬಂಗಲೆ, ಚರ್ಚ್‌ಗಳ ನಡುವೆ ಖಾಲಿ ರಸ್ತೆಗಳು ಸಿಗುತ್ತವೆ. 1874ರ ಸಿಮ್ಸ್ ಪಾರ್ಕ್ ಇಳಿಜಾರಿನಲ್ಲಿ ಹಬ್ಬಿರುವ ತೋಟ. ಮೇ ತಿಂಗಳಲ್ಲಿ ಅಲ್ಲಿ ಹಣ್ಣಿನ ಪ್ರದರ್ಶನ ನಡೆಯುತ್ತದೆ. ಶಾಂತಿ ಬೇಕೆನ್ನುವವರು ಆ ದಿನಗಳನ್ನು ಬಿಟ್ಟು ಹೋಗುವುದು ಲೇಸು. ಲ್ಯಾಂಬ್ಸ್ ರಾಕ್, ಡಾಲ್ಫಿನ್ಸ್ ನೋಸ್‌ಗೆ ಬೆಳಗ್ಗೆ 9ರೊಳಗೆ ಹೋದರೆ ಮಂಜು ಮತ್ತು ಮೌನ ಎರಡೂ ಸಿಗುತ್ತವೆ.

ಪಕ್ಕದ ವೆಲ್ಲಿಂಗ್ಟನ್ ಸೇನೆಯ ಊರು. 2021ರ ಡಿಸೆಂಬರ್ 8ರಂದು ಜನರಲ್ ಬಿಪಿನ್ ರಾವತ್ ಇದ್ದ ಹೆಲಿಕಾಪ್ಟರ್ ಪತನವಾದದ್ದು ಅಲ್ಲಿನ ಸ್ಟಾಫ್ ಕಾಲೇಜಿಗೆ ಹೋಗುವ ದಾರಿಯಲ್ಲಿ, ಕೂನೂರಿನ ಹತ್ತಿರ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಆಕರ್ಷಣೆ ಇದೆ. ಸುತ್ತಲಿನ ಹಳ್ಳಿಗಳಲ್ಲಿ ಬಡಗ ಸಮುದಾಯದವರು ವಾಸಿಸುತ್ತಾರೆ. 'ಬಡಗ' ಎಂದರೆ ಉತ್ತರದಿಂದ ಬಂದವರು, ಅಂದರೆ ಮೈಸೂರು ಸೀಮೆಯ ಕಡೆಯಿಂದ. ಅವರ ನುಡಿ ಕನ್ನಡಕ್ಕೆ ಬಹಳ ಹತ್ತಿರ. ತಮ್ಮ ಊರನ್ನು ಅವರು 'ಹಟ್ಟಿ' ಎನ್ನುತ್ತಾರೆ. ಚಹಾ ಅಂಗಡಿಯಲ್ಲಿ ಬಡಗ ಹಿರಿಯರು ಮಾತಾಡುವುದನ್ನು ಕಿವಿಗೊಟ್ಟು ಕೇಳಿದರೆ ಚಾಮರಾಜನಗರದ ಕಡೆಯವರಿಗೆ ಅರ್ಧಕ್ಕರ್ಧ ತಿಳಿಯುತ್ತದೆ. ಇವರಲ್ಲಿ ಬಹಳಷ್ಟು ಮಂದಿ ಸಣ್ಣ ಚಹಾ ಬೆಳೆಗಾರರು. ಹಸಿರೆಲೆಗೆ ಸಿಗುವ ಬೆಲೆ ಸಾಲದು ಎಂಬುದು ಅವರ ಹಳೆಯ ದೂರು. ಪ್ರವಾಸಿಯ ಕಣ್ಣಿಗೆ ಹಸಿರು ಚಾಪೆಯಂತೆ ಕಾಣುವ ತೋಟ ಅವರ ಪಾಲಿಗೆ ಕೂಲಿ, ಗೊಬ್ಬರ, ಕಾರ್ಖಾನೆಯ ಲೆಕ್ಕ.

ಕಾರಿಗೆ ಇ-ಪಾಸ್ ಬೇಕು, ರೈಲಿಗೆ ಬೇಡ

ವಾಹನಗಳ ಒತ್ತಡ ತಡೆಯಲು ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ ಮತ್ತು ಕೊಡೈಕೆನಾಲ್‌ಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. 2025ರ ಬೇಸಿಗೆಯಲ್ಲಿ ಇನ್ನೂ ಬಿಗಿಯಾಗಿ, ನೀಲಗಿರಿಗೆ ವಾರದ ದಿನ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ಹಾಕಲಾಯಿತು. ರೈಲು ಮತ್ತು ಸರ್ಕಾರಿ ಬಸ್‌ನಲ್ಲಿ ಬರುವವರಿಗೆ ಇದಾವುದೂ ತಾಗುವುದಿಲ್ಲ. ಬ್ಯಾಗಿನಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಮಾತ್ರ ಬೇಡ. ಜಿಲ್ಲೆಯಲ್ಲಿ ಅದಕ್ಕೆ ನಿಷೇಧವಿದೆ, ದಂಡವೂ ಇದೆ. ಸ್ಟೀಲ್ ಬಾಟಲಿ ಒಯ್ದರೆ ಚಿಂತೆಯಿಲ್ಲ.

ಮಳೆ ಬಂದರೆ

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ. ನೀಲಗಿರಿಯ ಈ ಪೂರ್ವದ ಇಳಿಜಾರಿಗೆ ಹೆಚ್ಚು ಪೆಟ್ಟು ಕೊಡುವುದು ಅದೇ. ಕಲ್ಲಾರ್-ಹಿಲ್‌ಗ್ರೋವ್ ನಡುವೆ ಮಣ್ಣು, ಬಂಡೆ, ಮರ ಹಳಿಗೆ ಬಿದ್ದು ರೈಲು ರದ್ದಾಗುವುದು ಪ್ರತಿ ವರ್ಷದ ಸುದ್ದಿ. 2009ರ ನವೆಂಬರ್‌ನಲ್ಲಿ ಜಿಲ್ಲೆಯಲ್ಲಿ ಭೂಕುಸಿತಗಳಿಂದ ಹಲವರು ಸತ್ತರು, ಹಳಿ ಕೊಚ್ಚಿಹೋಗಿ ಬೆಟ್ಟದ ರೈಲು ತಿಂಗಳುಗಟ್ಟಲೆ ನಿಂತಿತ್ತು. ಆ ತಿಂಗಳುಗಳಲ್ಲಿ ಹೊರಡುವವರು ಹಿಂದಿನ ದಿನವೇ ದಕ್ಷಿಣ ರೈಲ್ವೆಯ ಪ್ರಕಟಣೆ ನೋಡಬೇಕು. ರಸ್ತೆಯೂ ಅದೇ ಕಣಿವೆಯಲ್ಲಿ ಇರುವುದರಿಂದ, ಭಾರಿ ಮಳೆಯ ಎಚ್ಚರಿಕೆ ಇದ್ದ ದಿನ ಬಸ್ಸನ್ನೂ ನಂಬದೆ ಪ್ರಯಾಣ ಮುಂದೂಡುವುದೇ ಸರಿ. ಫೆಬ್ರುವರಿ, ಮಾರ್ಚ್ ಈ ಪ್ರಯಾಣಕ್ಕೆ ಹೇಳಿಮಾಡಿಸಿದ ಕಾಲ. ರಾತ್ರಿ ಸ್ವೆಟರ್ ಬೇಕು, ಹಗಲು ಬಿಸಿಲು ಹಿತ.

ಹಿಂತಿರುಗುವಾಗ

ಭಾನುವಾರ ಊಟಿಯಿಂದ ಮಧ್ಯಾಹ್ನ 2ಕ್ಕೆ ಹೊರಡುವ ಬೆಟ್ಟದ ರೈಲು ಕೂನೂರು ದಾಟಿ ಸಂಜೆ 5.35ರ ಸುಮಾರಿಗೆ ಮೆಟ್ಟುಪಾಳ್ಯಂ ಮುಟ್ಟುತ್ತದೆ. ಇಳಿಯುವಾಗ ಸಮಯ ಕಡಿಮೆ ಸಾಕು. ಚೆನ್ನೈಗೆ ಹೋಗುವ 12672 ನೀಲಗಿರಿ ಎಕ್ಸ್‌ಪ್ರೆಸ್ ಹೊರಡುವುದು ರಾತ್ರಿ 9 ದಾಟಿದ ಮೇಲೆ. ನಡುವಿನ ಮೂರು ಗಂಟೆ ಮೆಟ್ಟುಪಾಳ್ಯಂನ ಸೆಕೆಯಲ್ಲಿ ಕಳೆಯುವುದು ಬೇಡವೆಂದರೆ ಸಂಜೆಯ ಬಸ್ಸಿನಲ್ಲಿ ಇಳಿಯಬಹುದು. ಆದರೆ ವಾರಾಂತ್ಯದ ಟ್ರಾಫಿಕ್‌ಗೆ ಒಂದು ಗಂಟೆ ಹೆಚ್ಚು ಇಟ್ಟುಕೊಂಡಿರಬೇಕು. ರೈಲುಗಳ ಸಮಯ ಆಗಾಗ ಹತ್ತಿಪ್ಪತ್ತು ನಿಮಿಷ ಬದಲಾಗುತ್ತದೆ, ಟಿಕೆಟ್ ತೆಗೆಯುವಾಗ ಒಮ್ಮೆ ಪರಿಶೀಲಿಸಿಕೊಳ್ಳಿ.

ಕೊನೆಯ ಕ್ಷಣದಲ್ಲಿ ತತ್ಕಾಲ್ ನಂಬುವವರು ಗಮನಿಸಬೇಕಾದದ್ದು: 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್‌ಗೆ ಐಆರ್‌ಸಿಟಿಸಿ ಖಾತೆ ಆಧಾರ್‌ನಿಂದ ದೃಢೀಕೃತವಾಗಿರಲೇಬೇಕು. ಎಸಿ ದರ್ಜೆಗೆ ಹಿಂದಿನ ದಿನ ಬೆಳಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ಬುಕಿಂಗ್ ತೆರೆಯುತ್ತದೆ.

ಕರ್ನಾಟಕದಿಂದ ಹೋಗುವವರಿಗೆ

ಬೆಂಗಳೂರು, ಮೈಸೂರಿನವರು ನೀಲಗಿರಿಗೆ ಹೋಗುವುದು ಸಾಮಾನ್ಯವಾಗಿ ಗುಂಡ್ಲುಪೇಟೆ, ಬಂಡೀಪುರ, ಮುದುಮಲೈ ದಾರಿಯಲ್ಲಿ. ವನ್ಯಜೀವಿಗಳ ರಕ್ಷಣೆಗಾಗಿ ಬಂಡೀಪುರದೊಳಗೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ ಇರುವುದರಿಂದ ರಾತ್ರಿ ಮಲಗಿ ಬೆಳಗ್ಗೆ ತಲುಪುವ ಅನುಕೂಲ ಈ ಕಡೆಯಿಂದ ಇಲ್ಲ. ಬೆಟ್ಟದ ರೈಲೇ ಬೇಕು ಎನ್ನುವವರು ಬೆಂಗಳೂರಿನಿಂದ ರೈಲಿನಲ್ಲಿ ಕೊಯಮತ್ತೂರಿಗೆ ಬಂದು, ಅಲ್ಲಿಂದ ಮೆಟ್ಟುಪಾಳ್ಯಂಗೆ ಲೋಕಲ್ ರೈಲು ಅಥವಾ ಬಸ್ ಹಿಡಿಯಬೇಕು. 7.10ರ ರೈಲು ತಪ್ಪಬಾರದು ಎಂದರೆ ಹಿಂದಿನ ರಾತ್ರಿಯೇ ಮೆಟ್ಟುಪಾಳ್ಯಂ ತಲುಪಿ ಉಳಿಯುವುದು ಸುರಕ್ಷಿತ.